ಸರ್ವೇಯರಮ್ಮನ ಜೀಪು

ಗಂಡ ವಾಚ್ ರಿಪೇರಿಯವನು, ಹೆಂಡತಿ ಸರ್ವೇ ಆಫೀಸಿನವಳು. ಅವನು ದಿನವಿಡೀ ಒಂದೇ ಕುರ್ಚಿಯಲ್ಲಿ ಕೂತು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂಗಳ ಜೊತೆ ಕಾಲ ಕಳೆಯುತ್ತಿದ್ದ. ಅವಳು ಆಫೀಸಿನ ಜೀಪು ಹತ್ತಿ ಗುಡ್ಡ, ಹಳ್ಳ, ಕುರುಚಲು ಕಾಡು ಅಂತ ಅಳೆದುಕೊಂಡು ಬರುತ್ತಿದ್ದಳು. ಡ್ರೈವರ್ ನಿವೃತ್ತನಾಗಿ ಆ ಹುದ್ದೆ ಖಾಲಿ ಬಿದ್ದಾಗ ಅವಳೇ ಸ್ಟೀರಿಂಗ್ ಹಿಡಿದಳು, ಮತ್ತೆ ಯಾರಿಗೂ ಬಿಟ್ಟುಕೊಡಲಿಲ್ಲ. ಅವನಿಗೋ ಸೈಕಲ್ ಬಿಟ್ಟರೆ ಬೇರೆ ಯಾವ ಗಾಡಿಯೂ ಒಗ್ಗಿರಲಿಲ್ಲ. ಹೆಂಡತಿ ಓಡಿಸುವ ಜೀಪಿನಲ್ಲಿ ಪಕ್ಕದಲ್ಲಿ ಕೂತರೂ ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಎಲ್ಲರೂ ಅವನನ್ನು ವಾಚಣ್ಣ ಎನ್ನುತ್ತಿದ್ದರು, ಅವಳನ್ನು ಸರ್ವೇಯರಮ್ಮ ಎನ್ನುತ್ತಿದ್ದರು. ಜೋಡಿ ಚೆನ್ನಾಗಿದೆ, ಒಬ್ಬರದು ಮುಳ್ಳು, ಇನ್ನೊಬ್ಬರದು ಗಾಲಿ ಅಂತ ಅಂಗಡಿಗೆ ಬಂದವರು ರೇಗಿಸಿದರೆ ವಾಚಣ್ಣ ತಲೆ ಎತ್ತದೆ ನಗುತ್ತಿದ್ದ.

ಸಂಜೆ ಅವಳು ಮನೆಗೆ ಬಂದು ಕಾಲು ಚಾಚಿ ಕೂತರೆ, ಅವನು ಅಂಗಡಿಯ ಚಿಮುಟ ತಂದು ಅವಳ ಅಂಗಾಲಿನಿಂದ ಮುಳ್ಳು ಕೀಳುತ್ತಿದ್ದ. ಆ ದಿನ ಹತ್ತಿದ ಗುಡ್ಡ, ದಾಟಿದ ಹಳ್ಳ, ಕೈಕೊಟ್ಟ ಟೈರು ಎಲ್ಲದರ ವರದಿಯೂ ಅವನಿಗೆ ಆಗಲೇ ಸಿಗುತ್ತಿತ್ತು. ವರದಿಯ ಕೊನೆಗೆ ಯಾವಾಗಲೂ ಒಂದೇ ದೂರು. ಆರು ಗಂಟೆಯೊಳಗೆ ಗಾಡಿ ಆಫೀಸಿನ ಶೆಡ್ಡಿಗೆ ಬರಬೇಕೆಂಬ ನಿಯಮ ಇದ್ದುದರಿಂದ ಯಾವ ಗುಡ್ಡದ ಮೇಲೂ ಅವಳು ಒಂದು ರಾತ್ರಿ ಉಳಿದವಳಲ್ಲ. "ಇಷ್ಟು ಜಾಗ ಅಳೆದಿದ್ದೀನಿ ಕಣ್ರೀ, ಒಂದು ಕಡೇನೂ ಬೆಳಗಾಗೋದು ನೋಡಿಲ್ಲ" ಅನ್ನುತ್ತಿದ್ದಳು.

ಹಾಗಾಗಿ ಅವಳು ನಿವೃತ್ತಳಾದ ವರ್ಷ ಆಫೀಸಿನವರು ಹಳೆಯ ಜೀಪನ್ನು ಹರಾಜಿಗೆ ಹಾಕಿದಾಗ, ಅದನ್ನು ಅವಳು ಕೊಂಡದ್ದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ನಾಲ್ಕೂ ಚಕ್ರಕ್ಕೆ ಎಳೆತವಿದ್ದ ಗಾಡಿ. ಮೈಯೆಲ್ಲ ತುಕ್ಕು, ಎಂಜಿನ್ ಮಾತ್ರ ಗಟ್ಟಿ. ಅದನ್ನು ಎಳೆಸಿಕೊಂಡು ಹೋಗಿ ಮುಖ್ಯರಸ್ತೆಯ ಹಿಂದಿನ ಗಲ್ಲಿಯಲ್ಲಿದ್ದ ಗ್ಯಾರೇಜಿನಲ್ಲಿ ನಿಲ್ಲಿಸಿದಳು. ಅಲ್ಲಿಯ ಮೇಸ್ತ್ರಿ ಮಾತು ಕಡಿಮೆಯ ಮನುಷ್ಯ. ಹದಿನಾಲ್ಕು ನಂಬರಿನ ಸ್ಪ್ಯಾನರು ಸದಾ ಅವನ ಹಿಂಜೇಬಿನಲ್ಲಿ ಇರುತ್ತಿದ್ದುದರಿಂದ ಗಲ್ಲಿಯವರು ಅವನಿಗೆ ಹದಿನಾಲ್ಕು ಅಂತಲೇ ಹೆಸರಿಟ್ಟಿದ್ದರು. ಅವಳ ಎದುರು ಮಾತ್ರ ಅವನು ಮಾತಾಡಲೇಬೇಕಾಯಿತು, ಯಾಕೆಂದರೆ ಅವಳು ಪ್ರತಿಯೊಂದಕ್ಕೂ ವಾದ ಹೂಡುತ್ತಿದ್ದಳು. ಮೇಸ್ತ್ರಿ ಗಾಡಿಯನ್ನು ನಾಲ್ಕು ಇಂಚು ಎತ್ತರಿಸೋಣ ಎಂದರೆ ಅವಳು, ಎರಡು ಸಾಕು, ಎತ್ತರ ಜಾಸ್ತಿಯಾದಷ್ಟೂ ಓರೆ ದಾರಿಯಲ್ಲಿ ಮಗುಚುವ ಭಯ ಎಂದಳು. ಮಾಡಿನ ಮೇಲೆ ದೊಡ್ಡ ಕ್ಯಾರಿಯರ್ ಹಾಕೋಣ ಎಂದರೆ ಬೇಡ, ಭಾರವೆಲ್ಲ ಕೆಳಗಿರಲಿ ಎಂದಳು. ಆಗಬೇಕಾದ ಕೆಲಸಗಳನ್ನು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುಂಡಗೆ ಬರೆದಳು. ಒಂದೊಂದು ಮುಗಿದ ಹಾಗೆ ಅದರ ಮುಂದೆ ಗೆರೆ ಎಳೆಯುತ್ತಿದ್ದಳು.

ಅವಳು ಕುಳ್ಳಿ. ಆಫೀಸಿನ ಜೀಪಿನಲ್ಲಿ ಇಷ್ಟು ವರ್ಷ ಬೆನ್ನ ಹಿಂದೆ ದಿಂಬು, ಕೆಳಗೊಂದು ಮಡಚಿದ ಕಂಬಳಿ ಇಟ್ಟುಕೊಂಡೇ ಓಡಿಸಿದ್ದಳು. ಈಗ ಗಾಡಿ ತನ್ನದಾದ ಮೇಲೆ ಆ ಪರದಾಟ ಬೇಡವೆಂದು ಸೀಟನ್ನು ಮುಂದಕ್ಕೆ ತರಿಸಿ, ಎತ್ತರಿಸಿ, ಕುಲುಕಾಟಕ್ಕೆ ಜಾರದ ಹಾಗೆ ನಾಲ್ಕು ಕಡೆ ವೆಲ್ಡಿಂಗ್ ಮಾಡಿಸಿದಳು. ಪೆಡಲುಗಳಿಗೂ ಕಬ್ಬಿಣದ ತುಂಡು ಕೂಡಿಸಿ ಉದ್ದ ಮಾಡಿಸಿದಳು. ಅದು ಮುಗಿದ ದಿನ ಮನೆಗೆ ಬಂದು, ನಲವತ್ತು ವರ್ಷದಲ್ಲಿ ಮೊದಲ ಸಲ ನನ್ನ ಅಳತೆಯ ಕುರ್ಚಿಯಲ್ಲಿ ಕೂತೆ ಎಂದು ಹೇಳಿದ್ದಳು.

ಅದಾಗಿ ಹನ್ನೊಂದನೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಬಿದ್ದಳು. ಮಿದುಳಿನಲ್ಲಿ ರಕ್ತಸ್ರಾವ ಎಂದರು ಡಾಕ್ಟರು. ಮೂರು ದಿನ ಆಸ್ಪತ್ರೆಯಲ್ಲಿದ್ದಳು. ಕಣ್ಣು ಬಿಡಲಿಲ್ಲ, ಮಾತಾಡಲಿಲ್ಲ, ಹೋಗಿಬಿಟ್ಟಳು.

ವಾಚಣ್ಣನಿಗೆ ಜೀಪಿನ ನೆನಪೇ ಇರಲಿಲ್ಲ. ಮಗಳು ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಎಮರ್ಜೆನ್ಸಿ ವಾರ್ಡಿನ ನರ್ಸು. ಒಂದು ತಿಂಗಳು ಜೊತೆಗಿದ್ದು, ತನ್ನ ಜೊತೆಗೆ ಬಂದುಬಿಡು ಅಂತ ಕರೆದು ಕರೆದು ಸುಸ್ತಾಗಿ ಹೊರಟುಹೋದಳು. ಅವನು ಅಂಗಡಿ ತೆರೆಯುತ್ತಿದ್ದ, ಕೂರುತ್ತಿದ್ದ, ಮುಚ್ಚುತ್ತಿದ್ದ. ಮನೆಯಲ್ಲಿ ಒಂದು ಲೋಟ, ಒಂದು ತಟ್ಟೆ ತೊಳೆದಿಟ್ಟು ಮಲಗುತ್ತಿದ್ದ.

ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ಹದಿನಾಲ್ಕು ಮೇಸ್ತ್ರಿ ಅಂಗಡಿಗೆ ಬಂದ. ಕೈಯ ಗ್ರೀಸು ಒರೆಸಿಕೊಂಡು, ಕಟ್ಟಿಕೊಂಡಿದ್ದ ವಾಚನ್ನು ಬಿಚ್ಚಿ ಗಾಜಿನ ಮೇಲಿಟ್ಟು, ಯಾಕೋ ನಿಧಾನ ಓಡ್ತಿದೆ ನೋಡಿ ಎಂದ. ವಾಚಣ್ಣ ಬಿಚ್ಚಿ ನೋಡಿದರೆ ಅದರಲ್ಲಿ ಏನೂ ತೊಂದರೆಯಿರಲಿಲ್ಲ. ಹಾಗೆಂದು ಹೇಳಿದ. ಮೇಸ್ತ್ರಿ ವಾಚು ಕಟ್ಟಿಕೊಂಡ, ಹೋಗಲಿಲ್ಲ. ಇನ್ನೊಂದು ಗಿರಾಕಿ ಬಂದು ಹೋದರೂ ನಿಂತೇ ಇದ್ದ. ಕೊನೆಗೆ, ಜೀಪನ್ನು ಇದ್ದ ಹಾಗೇ ಕೊಳ್ಳೋಕೆ ಯಾರೋ ಕೇಳ್ತಿದ್ದಾರೆ, ಏನು ಹೇಳಲಿ ಎಂದು ಕೇಳಿದ. ವಾಚಣ್ಣ ಅಂಗಡಿಯ ಬಾಗಿಲೆಳೆದು ಅವನ ಜೊತೆಗೇ ನಡೆದ.

ಶೆಡ್ಡಿನ ಮೂಲೆಯಲ್ಲಿ ಜೀಪು ಇಟ್ಟಿಗೆಗಳ ಮೇಲೆ ಕೂತಿತ್ತು. ಹೊಸ ಕಮಾನು ಪಟ್ಟಿ ಬಿದ್ದು ಎತ್ತರವಾಗಿತ್ತು, ಗೇರ್‌ಬಾಕ್ಸಿನ ಹೊಟ್ಟೆಗೆ ದಪ್ಪ ತಗಡು ಕೂತಿತ್ತು, ನೀರಿಗಿಳಿದರೂ ಎಂಜಿನ್ನಿಗೆ ಉಸಿರು ಕಟ್ಟದಂತೆ ಒಂದು ಕೊಳವೆ ಕಿಟಕಿಯ ಪಕ್ಕದಲ್ಲಿ ಮಾಡಿನವರೆಗೆ ಏರಿತ್ತು. ಗೋಡೆಯ ಮೇಲೆ ಅವಳ ಅಕ್ಷರ. ಗೆರೆ ಬೀಳದೆ ಉಳಿದವು ನಾಲ್ಕೇ: ವಿಂಚ್, ಎರಡನೇ ಬ್ಯಾಟರಿ, ನೀರಿನ ಟ್ಯಾಂಕು, ಮಲಗುವ ಹಲಗೆ. ಸೀಮೆಸುಣ್ಣ ಉದುರದಿರಲೆಂದು ಮೇಸ್ತ್ರಿ ಆ ಗೋಡೆಯ ಕಡೆ ಯಾವ ಸಾಮಾನನ್ನೂ ಒರಗಿಸಿರಲಿಲ್ಲ. ವಾಚಣ್ಣನಿಗೆ ಅದು ಕಂಡಿತು.

"ಇದಿಷ್ಟೂ ಮುಗಿಸಿಬಿಡಿ ಮೇಸ್ತ್ರಿ" ಎಂದ.

"ಮುಗಿಸಬಹುದು ಅಣ್ಣಾ. ಓಡಿಸೋರು ಯಾರು?"

"ನಾನು."

ಮೇಸ್ತ್ರಿ ನಗಲಿಲ್ಲ. ಅಷ್ಟಕ್ಕೇ ವಾಚಣ್ಣ ಅವನಿಗೆ ಜೀವಮಾನವಿಡೀ ಋಣಿಯಾಗಿರಲು ಸಿದ್ಧನಾದ.

ಅಲ್ಲಿಂದ ಮುಂದೆ ಅವನು ನಾಲ್ಕು ಗಂಟೆಗೆ ಅಂಗಡಿ ಮುಚ್ಚಿ ಗ್ಯಾರೇಜಿಗೆ ಹೋಗತೊಡಗಿದ. ಮೊದಮೊದಲು ಸ್ಟೂಲಿನ ಮೇಲೆ ಸುಮ್ಮನೆ ಕೂರುತ್ತಿದ್ದ. ಎರಡನೇ ಬ್ಯಾಟರಿಯ ವೈರಿಂಗ್ ಶುರುವಾದಾಗ ಮೇಸ್ತ್ರಿಯ ದಪ್ಪ ಬೆರಳುಗಳು ಡ್ಯಾಶ್‌ಬೋರ್ಡಿನ ಹಿಂದೆ ನುಗ್ಗದೆ ಒದ್ದಾಡುವುದನ್ನು ನೋಡಲಾರದೆ, ಬಿಡಿ ಇಲ್ಲಿ ಎಂದು ತಾನೇ ಕೈಹಾಕಿದ. ಒಂದೊಂದು ವೈರಿಗೂ ಒಂದೊಂದು ಬಣ್ಣದ ದಾರ ಸುತ್ತಿ, ಎಲ್ಲೂ ಜೋತು ಬೀಳದಂತೆ ಕಟ್ಟಿದ. ಲಾರಿ ಬಿಚ್ಚುವ ಜಾಗದಲ್ಲಿ ವಾಚಿನ ಕೆಲಸ ಮಾಡ್ತೀರಲ್ಲ ಎಂದು ಮೇಸ್ತ್ರಿ ಗೊಣಗಿದರೂ, ಸಂಜೆ ಬಂದವರಿಗೆಲ್ಲ ಬಾನೆಟ್ಟು ಎತ್ತಿ ಆ ವೈರಿಂಗ್ ತೋರಿಸುತ್ತಿದ್ದ. ಹಲಗೆ ಕೂತಿತು, ಅದರ ಕೆಳಗೆ ಅಡುಗೆ ಸಾಮಾನಿನ ಪೆಟ್ಟಿಗೆ ಕೂತಿತು, ನೀರಿನ ಟ್ಯಾಂಕು ಕೂತಿತು. ಹೂತುಹೋದ ಗಾಡಿಯನ್ನು ಎಳೆಯುವ ವಿಂಚನ್ನು ಮುಂದಿನ ಬಂಪರಿಗೆ ಕೂರಿಸಿ ಅದರ ಉಕ್ಕಿನ ಹಗ್ಗವನ್ನು ಇಬ್ಬರೂ ಎಳೆದು ನೋಡಿದರು. ಗೋಡೆಯ ಮೇಲಿನ ಪಟ್ಟಿಗೆ ಮಾತ್ರ ಇಬ್ಬರೂ ಗೆರೆ ಎಳೆಯಲಿಲ್ಲ.

ಲೈಸೆನ್ಸನ್ನು ಅವನು ಡ್ರೈವಿಂಗ್ ಸ್ಕೂಲಿನ ಪುಟ್ಟ ಕಾರಿನಲ್ಲಿ ಕಲಿತು, ಎರಡನೇ ಸಲಕ್ಕೆ ಪಡೆದ. ಮೊದಲ ಸಲ ಪರೀಕ್ಷೆಯವರು ಹಿಂದಕ್ಕೆ ತಗೊಳ್ಳಿ ಎಂದದ್ದಕ್ಕೆ ಗಾಬರಿಯಾಗಿ ಇಳಿದುಬಿಟ್ಟಿದ್ದ. ಎರಡನೇ ಸಲ ಹುಡುಗರ ಸಾಲಿನಲ್ಲಿ ನಿಂತ ಅರವತ್ತೆರಡರ ಮುದುಕನನ್ನು ನೋಡಿ ಅವರೇ ಕುರ್ಚಿ ಹಾಕಿಸಿದರು. ಆಮೇಲೆ ಜೀಪು. ಊರಾಚೆ ಕೆಲಸ ನಿಂತುಹೋದ ಕಲ್ಲಿನ ಕ್ವಾರಿ ಇತ್ತು. ದಿಬ್ಬ, ಹೊಂಡ, ಜಲ್ಲಿ ಎಲ್ಲವೂ ಅಲ್ಲಿದ್ದುದರಿಂದ ಭಾನುವಾರ ಬೆಳಿಗ್ಗೆ ಮೇಸ್ತ್ರಿ ಅವನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ.

ತೊಂದರೆ ಶುರುವಾದದ್ದು ಸೀಟಿನಿಂದ. ವಾಚಣ್ಣ ಆರಡಿಯ ಆಳು. ಅವಳ ಅಳತೆಗೆ ಬೆಸೆದ ಸೀಟಿನಲ್ಲಿ ಅವನು ಮೊಣಕಾಲುಗಳನ್ನು ಸ್ಟೀರಿಂಗಿನ ಎರಡೂ ಬದಿಗೆ ಅಗಲಿಸಿ, ತಲೆ ಬಗ್ಗಿಸಿ, ಪೆಟ್ಟಿಗೆಯೊಳಗೆ ತುರುಕಿದ ಕೊಡೆಯ ಹಾಗೆ ಕೂರಬೇಕಿತ್ತು. ಗೇರು ಹಾಕಿದಾಗಲೆಲ್ಲ ಮೊಣಕಾಲಿಗೆ ಏಟು. ಮೇಸ್ತ್ರಿ ಮೊದಲ ವಾರವೇ, ಇದನ್ನು ಕೊಯ್ದು ಹಿಂದಕ್ಕೆ ಕೂರಿಸೋಣ, ಅರ್ಧ ದಿನದ ಕೆಲಸ ಎಂದ. ವಾಚಣ್ಣ ಬೇಡವೆಂದ. ಮುಂದಿನ ವಾರ ಮತ್ತೆ ಕೇಳಿದಾಗಲೂ ಬೇಡವೆಂದ. ಮೂರನೇ ಸಲ ಮೇಸ್ತ್ರಿ ಕೇಳಲಿಲ್ಲ.

ಅವನೊಳಗೆ ನಡೆಯುತ್ತಿದ್ದುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಅವಳ ಸೀರೆಗಳನ್ನು ಮಗಳು ಮಡಚಿ ಯಾರುಯಾರಿಗೋ ಕೊಟ್ಟಿದ್ದಳು. ಮಂಚ ಇಬ್ಬರದು, ಪಾತ್ರೆ ಇಬ್ಬರದು, ಅವಳೊಬ್ಬಳದೇ ಎಂಬುದು ಮನೆಯಲ್ಲಿ ಏನೂ ಉಳಿದಿರಲಿಲ್ಲ. ಈ ಸೀಟು ಮಾತ್ರ ಅವಳ ಮೈಯ ಅಳತೆ. ಅಲ್ಲಿ ಮುದುರಿ ಕೂತು ಮೊಣಕಾಲು ನೋಯಿಸಿಕೊಂಡಷ್ಟು ಹೊತ್ತು ಅವಳಿಗೆ ಏನೋ ಒಂದನ್ನು ಸಲ್ಲಿಸುತ್ತಿದ್ದೇನೆ ಅನ್ನಿಸುತ್ತಿತ್ತು. ಆ ನೋವು ಅವನಿಗೆ ಬೇಕಾಗಿತ್ತು.

ಎರಡು ದಿನದ ರಜೆಗೆ ಬಂದ ಮಗಳಿಗೆ ಸುದ್ದಿ ತಿಳಿದದ್ದು ನೆರೆಯವರಿಂದ. ಅಪ್ಪ ಜೀಪು ಕಲಿಯುತ್ತಿದ್ದಾನೆ ಎಂದು ಅವರು ನಗುನಗುತ್ತ ಹೇಳಿದರು, ಅವಳಿಗೆ ನಗು ಬರಲಿಲ್ಲ. ನೇರ ಗ್ಯಾರೇಜಿಗೆ ಬಂದಳು. ಅಪ್ಪ ಸೀಟಿನಲ್ಲಿ ಕೂತದ್ದನ್ನು ಒಂದು ಸುತ್ತು ಹಾಕಿ ನೋಡಿದಳು. ಬ್ರೇಕ್ ಒತ್ತು ಎಂದಳು. ಅವನು ಒತ್ತಿದ. ಕಾಲೆತ್ತಿ ಆಕ್ಸಿಲರೇಟರಿನಿಂದ ಬ್ರೇಕಿಗೆ ಬೇಗ ಬಾ ಎಂದಳು. ಮೊಣಕಾಲು ಸ್ಟೀರಿಂಗಿಗೆ ತಗುಲಿ ಪಾದ ತಡವಾಯಿತು. ಮೇಸ್ತ್ರಿ ಬೇರೆಲ್ಲೋ ನೋಡುತ್ತ ನಿಂತ.

"ಅಪ್ಪಾ, ದಿನಾ ಬೆಳಗಾದ್ರೆ ನಾನು ನೋಡೋದು ಇಂಥವರನ್ನೇ. ಸ್ಟ್ರೆಚರ್ ಮೇಲೆ ಮಲಗಿಸಿಕೊಂಡು ಬರ್ತಾರೆ. ನೀನು ಹೋಗಬೇಡ ಅನ್ನಲ್ಲ. ಹೋಗೋದಾದ್ರೆ ಈ ಸೀಟು ಸರಿಮಾಡಿಸಿಕೋ, ಇಲ್ಲಾಂದ್ರೆ ಗಾಡಿ ಮಾರು. ಎರಡರಲ್ಲಿ ಒಂದು."

ಆಗಲಿ, ನೋಡೋಣ ಎಂದ ಅವನು. ಆ ಆಗಲಿಯ ಅರ್ಥ ಮಗಳಿಗೆ ಗೊತ್ತಿತ್ತು. ಅಮ್ಮನ ಹಠ ನಿನಗೂ ಅಂಟಿಕೊಂಡಿತಾ ಎಂದಷ್ಟೇ ಹೇಳಿ ಮಾರನೇ ದಿನ ಬಸ್ಸು ಹತ್ತಿದಳು.

ಅದಾದ ಎರಡನೇ ಭಾನುವಾರ ಕ್ವಾರಿಯ ದೊಡ್ಡ ದಿಬ್ಬ ಹತ್ತುವ ಪಾಠ. ಬೆಳಗಿನ ಎಂಟು ಗಂಟೆಯ ಬಿಸಿಲು. ಅರ್ಧ ದಿಬ್ಬದಲ್ಲಿ ಎಂಜಿನ್ ಆಫ್ ಆಯಿತು. ಅವನು ಬ್ರೇಕ್ ಹಿಡಿದು ಹ್ಯಾಂಡ್‌ಬ್ರೇಕ್ ಎಳೆದ. ಗಾಡಿ ನಿಂತಿತು. ಮೇಸ್ತ್ರಿ, ಗಾಬರಿಯಾಗಬೇಡಿ, ಗಾಲಿಗೆ ಕಲ್ಲು ಕೊಡ್ತೀನಿ ಎನ್ನುತ್ತ ಒಂದು ದಪ್ಪ ಕಲ್ಲು ಎತ್ತಿಕೊಂಡು ಹಿಂದೆ ಬಂದ. ಅಷ್ಟರಲ್ಲಿ ವಾಚಣ್ಣ, ತಾನೇ ಮತ್ತೊಂದು ಸಲ ಪ್ರಯತ್ನಿಸಿಬಿಡೋಣವೆಂದು ಎಂಜಿನ್ ಚಾಲೂ ಮಾಡಿ ಹ್ಯಾಂಡ್‌ಬ್ರೇಕ್ ಇಳಿಸಿದ. ಕ್ಲಚ್ ಬಿಟ್ಟದ್ದು ಹೆಚ್ಚುಕಡಿಮೆಯಾಗಿ ಎಂಜಿನ್ ಮತ್ತೆ ನಿಂತಿತು. ಗಾಡಿ ಹಿಂದಕ್ಕೆ ಜಾರತೊಡಗಿತು. ಬ್ರೇಕಿಗೆ ಕಾಲೆತ್ತಿದ, ಮೊಣಕಾಲು ಸ್ಟೀರಿಂಗಿನ ಕೆಳಗೆ ಸಿಕ್ಕಿಕೊಂಡಿತು. ಎಳೆದ, ಬರಲಿಲ್ಲ. ಹಿಂದಿನಿಂದ ಒಂದು ಕೂಗು ಕೇಳಿಸಿತು. ಕೂಗಿನ ಹಿಂದೆಯೇ ಗಾಡಿ ಎಡಕ್ಕೆ ವಾಲಿ ಜಲ್ಲಿಯ ಗುಡ್ಡೆಗೆ ಕುಂಡಿ ಊರಿ ನಿಂತಿತು.

ಅವನು ಇಳಿದದ್ದು ಹೇಗೆಂದು ಅವನಿಗೇ ಗೊತ್ತಿಲ್ಲ. ಮೇಸ್ತ್ರಿ ಪಕ್ಕಕ್ಕೆ ಹಾರಿದ್ದ, ಆದರೆ ಒಂದು ಕಾಲು ಪೂರ್ತಿ ಪಾರಾಗಿರಲಿಲ್ಲ. ಗಾಲಿ ಪಾದದ ಅಂಚಿನ ಮೇಲೆ ಹಾದಿತ್ತು. ಬೆವರಿಳಿಯುವ ಮುಖದಲ್ಲಿ ಅವನು ಕಲ್ಲಿಗೆ ಒರಗಿ ಕೂತು, ಮೊದಲು ಹೇಳಿದ ಮಾತು, ಹ್ಯಾಂಡ್‌ಬ್ರೇಕ್ ಹಾಕಿ ಬಂದ್ರಾ ಎಂದು.

ವಾಚಣ್ಣ ಹಾಕಿರಲಿಲ್ಲ. ಓಡಿಹೋಗಿ ಹಾಕಿ ಬಂದ. ಆಮೇಲೆ ಅದೇ ಜೀಪಿನ ಹಿಂದಿನ ಹಲಗೆಯ ಮೇಲೆ ಮೇಸ್ತ್ರಿಯನ್ನು ಮಲಗಿಸಿ, ಮುದುರಿಕೊಂಡು ಕೂತು, ಒಂದನೇ ಗೇರಿನಲ್ಲೇ ಆಸ್ಪತ್ರೆಯವರೆಗೆ ಓಡಿಸಿದ.

ಪಾದದ ಎರಡು ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿ ಆರು ವಾರ ನೆಲಕ್ಕೆ ಊರಬಾರದು ಎಂದರು. ಸುದ್ದಿ ತಿಳಿದು ಬಂದ ಮೇಸ್ತ್ರಿಯ ಹೆಂಡತಿ ವರಾಂಡದ ಬೆಂಚಿನ ಮೇಲೆ ಕೂತಿದ್ದಳು. ವಾಚಣ್ಣ ಎದುರು ಹೋಗಿ ನಿಂತು, ತಪ್ಪು ನಂದು ಎಂದ. ಆಕೆ ತುಂಬ ಹೊತ್ತು ಅವನ ಮುಖ ನೋಡಲಿಲ್ಲ. ಅವರ ಮನೆಗೆ ಅವನು ಹತ್ತಾರು ಸಲ ಹೋಗಿದ್ದ, ಆಕೆ ಕೈಯಾರೆ ಮಾಡಿ ಬಡಿಸಿದ ಊಟ ಉಂಡಿದ್ದ.

"ಅವ್ರು ದಿನಾ ಹೇಳ್ತಿದ್ರು, ಆ ಸೀಟು ಸರಿ ಇಲ್ಲ ಅಂತ" ಎಂದಳು ಆಕೆ ಕೊನೆಗೆ. "ನಿಮ್ಮ ಮನೆಯವರ ಸೀಟು ಉಳಿಸೋಕೆ ನಮ್ಮ ಮನೆಯವರ ಕಾಲು ಹೋಗಬೇಕಿತ್ತಾ ಅಣ್ಣಾ?"

ಒಳಗೆ ಮೇಸ್ತ್ರಿ, ಇಳಿಜಾರಲ್ಲಿ ಗಾಡಿ ಹಿಂದೆ ನಿಂತದ್ದು ನನ್ನ ತಪ್ಪು, ಮೂವತ್ತು ವರ್ಷದ ಕಸುಬಿನಲ್ಲಿ ಇಷ್ಟೂ ಬುದ್ಧಿ ಇಲ್ಲವೇ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ. ತನ್ನನ್ನು ಬೈದಿದ್ದರೆ ವಾಚಣ್ಣನಿಗೆ ಎಷ್ಟೋ ವಾಸಿ ಇತ್ತು. ಮನೆಗೆ ನಡೆದು ಹೋಗುವಾಗ, ಸತ್ತವಳಿಗೆ ಸಲ್ಲಿಸುತ್ತಿದ್ದೇನೆ ಅಂದುಕೊಂಡದ್ದನ್ನು ಇಷ್ಟು ದಿನ ತನಗೇ ಸಲ್ಲಿಸಿಕೊಳ್ಳುತ್ತಿದ್ದೆನಲ್ಲ ಎಂಬ ನಾಚಿಕೆ ಅವನನ್ನು ಹಿಡಿದುಕೊಂಡಿತು. ಅವಳು ಇದ್ದಿದ್ದರೆ ಏನನ್ನುತ್ತಿದ್ದಳು ಎಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಕೆಲಸದ ವಿಷಯದಲ್ಲಿ ಅವಳು ಯಾರಿಗೂ ಮುಲಾಜು ನೋಡಿದವಳಲ್ಲ.

ಮೂರನೇ ದಿನ ಮೇಸ್ತ್ರಿ ಊರುಗೋಲು ಹಿಡಿದು ಗ್ಯಾರೇಜಿಗೆ ಬಂದು ಬಾಗಿಲ ಬಳಿ ಕೂತ. ವಾಚಣ್ಣ ಬಂದು, ಸೀಟು ಕೊಯ್ಯಬೇಕು ಎಂದ. ಪಕ್ಕದ ಗ್ಯಾರೇಜಿನವನನ್ನು ಕರೆಸ್ತೀನಿ ಎಂದು ಮೇಸ್ತ್ರಿ ಎದ್ದ.

"ಬೇಡ. ನೀವು ಹೇಳಿ, ನಾನೇ ಕೊಯ್ತೀನಿ."

ಕಬ್ಬಿಣ ಕೊಯ್ಯುವ ಗ್ರೈಂಡರ್ ಅವನು ಹಿಡಿದದ್ದು ಅದೇ ಮೊದಲು. ವಾಚಿನ ಕೆಲಸಕ್ಕೆ ಪಳಗಿದ ಕೈ ಅದರ ಎಳೆತಕ್ಕೆ ಪಕ್ಕಕ್ಕೆ ಜಾರಿತು. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡೀರಿ, ನೀವು ಒತ್ತಬೇಡಿ, ಅದೇ ಕೊಯ್ಕೊಂಡು ಹೋಗುತ್ತೆ ಎಂದು ಮೇಸ್ತ್ರಿ ಕೂತಲ್ಲಿಂದಲೇ ಹೇಳಿಕೊಟ್ಟ. ಮೊದಲ ಬೆಸುಗೆಗೆ ಹತ್ತು ನಿಮಿಷ ಹಿಡಿಯಿತು. ಕಿಡಿ ಚಪ್ಪಲಿಯ ಮೇಲೆಲ್ಲ ಬಿತ್ತು. ಎರಡನೆಯದು ಬೇಗ ಬಿಟ್ಟಿತು. ಮೂರನೆಯದಕ್ಕೆ ಹೋಗುವಾಗ ಕನ್ನಡಕದೊಳಗೆ ಕಣ್ಣು ಮಸುಕಾಗಿ ನಿಲ್ಲಿಸಿದ. ಮೇಸ್ತ್ರಿ ಹೊರಗೆ ರಸ್ತೆಯ ಕಡೆ ಮುಖ ಮಾಡಿ, ಹೋಗಿ ಬರುವ ಗಾಡಿಗಳನ್ನು ನೋಡುತ್ತ ಕೂತ. ಸ್ವಲ್ಪ ಹೊತ್ತಾದ ಮೇಲೆ ಗ್ರೈಂಡರ್ ಮತ್ತೆ ಶುರುವಾಯಿತು.

ನಾಲ್ಕನೆಯದೂ ಬಿಟ್ಟ ಮೇಲೆ ಸೀಟು ಹಗುರಾಗಿ ಕೈಗೆ ಬಂತು. ಅದನ್ನು ಹೊರಗೆ ತೆಗೆದಿಟ್ಟು, ಹಳಿಯನ್ನು ಉಜ್ಜಿ, ಒಂಬತ್ತು ಇಂಚು ಹಿಂದಕ್ಕೆ ಗುರುತು ಹಾಕಿದರು. ಪೆಡಲಿನ ತುಂಡುಗಳೂ ಹೋದವು. ವೆಲ್ಡಿಂಗನ್ನು ಮಾತ್ರ ಪಕ್ಕದವನೇ ಮಾಡಿದ, ಅದು ಕಲಿಯದವರ ಕೈಯಲ್ಲಿ ಬಿಡುವ ಕೆಲಸವಲ್ಲ ಎಂದು ಮೇಸ್ತ್ರಿ ಒಪ್ಪಲಿಲ್ಲ. ವಾಚಣ್ಣ ಕೂತು ಕಾಲು ಚಾಚಿದ. ಪಾದ ಮೂರೂ ಪೆಡಲಿಗೆ ಸಲೀಸಾಗಿ ಹೋಗಿ ಬಂತು. ಏನೂ ನೋಯಲಿಲ್ಲ. ಅದೇ ಒಂದು ನೋವಾಯಿತು.

ಆ ಆರು ವಾರ ಅವನು ದಿನಾ ಬೆಳಿಗ್ಗೆ ಮೇಸ್ತ್ರಿಯನ್ನು ಮನೆಯಿಂದ ಜೀಪಿನಲ್ಲಿ ಗ್ಯಾರೇಜಿಗೆ ತಂದು ಬಿಡುತ್ತಿದ್ದ, ಸಂಜೆ ವಾಪಸು ಬಿಡುತ್ತಿದ್ದ. ಮೇಸ್ತ್ರಿಯ ಹೆಂಡತಿ ಮೊದಲ ವಾರ ಬಾಗಿಲಿಗೇ ಬರಲಿಲ್ಲ. ಎರಡನೇ ವಾರ ಬಂದು ನಿಂತಳು. ಮೂರನೇ ವಾರದಲ್ಲಿ ಒಂದು ದಿನ, ತಿಂಡಿ ತಿಂದ್ಕೊಂಡು ಹೋಗಿ ಎಂದಳು. ಹೀಗೆ ಗಲ್ಲಿ ಗಲ್ಲಿಯಲ್ಲಿ, ಮಾರ್ಕೆಟ್ಟಿನ ನೂಕುನುಗ್ಗಲಿನಲ್ಲಿ ಓಡಿಸೀ ಓಡಿಸೀ ಅವನ ಕೈ ಕುದುರಿತು.

ಪ್ಲಾಸ್ಟರ್ ಬಿಚ್ಚಿದ ತಿಂಗಳು ಅವನು ಮಗಳಿಗೆ ಫೋನ್ ಮಾಡಿ, ಗಡಿಗುಡ್ಡಕ್ಕೆ ಹೋಗ್ತೀನಿ, ಸೀಟು ಸರಿಮಾಡಿಸಿದ್ದೀನಿ ಎಂದ. ಜೀಪು ತಯಾರಾದ ಮೇಲೆ ಮೊದಲ ಸಲ ರಾತ್ರಿ ಉಳಿಯಬೇಕೆಂದು ಹೆಂಡತಿ ಆರಿಸಿಟ್ಟಿದ್ದ ಜಾಗ ಅದು. ಮಗಳು, ಶನಿವಾರ ಬರ್ತೀನಿ ಎಂದಳು.

ಮಧ್ಯಾಹ್ನ ಹೊರಟರು. ಡಾಂಬರು ಮುಗಿದ ಕಡೆ ಅವನು ಇಳಿದು, ಮೇಸ್ತ್ರಿ ಹೇಳಿಕೊಟ್ಟಿದ್ದಂತೆ ಕಲ್ಲಿನ ಮೇಲೆ ಹಿಡಿತ ಸಿಗಲೆಂದು ನಾಲ್ಕೂ ಟೈರಿನ ಗಾಳಿ ಅರ್ಧದಷ್ಟು ಬಿಟ್ಟ, ಚಿಕ್ಕ ಗೇರಿಗೆ ಹಾಕಿದ. ದಾರಿ ಬರೀ ಕಲ್ಲು. ಕಷ್ಟದ ಏರು ಬಂದಾಗಲೆಲ್ಲ ಗಾಡಿ ನಿಲ್ಲಿಸಿ, ನಡೆದು ಹೋಗಿ ನೋಡಿ, ಯಾವ ಗಾಲಿ ಯಾವ ಕಲ್ಲಿನ ಮೇಲೆ ಬರಬೇಕೆಂದು ಗೊತ್ತುಮಾಡಿಕೊಂಡು ಬಂದು ಹತ್ತುತ್ತಿದ್ದ. ಅಮ್ಮ ಆಗಿದ್ದಿದ್ರೆ ಇಷ್ಟೊತ್ತಿಗೆ ಎರಡು ಗುಡ್ಡ ಹತ್ತಿ ಇಳಿದಿರ್ತಿದ್ದಳು ಎಂದಳು ಮಗಳು. ಹೂಂ ಎಂದ ಅವನು. ಆದರೂ ಮಗಳು ಪಕ್ಕದ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದೇ ಇದ್ದಳು.

ಗುಡ್ಡದ ತಲೆಗೆ ಇನ್ನು ಎರಡು ಮೈಲಿ ಇರುವಾಗ ದಾರಿ ಕೊಚ್ಚಿಹೋಗಿತ್ತು. ಹಳ್ಳದ ನೀರು ರಸ್ತೆಯ ಅರ್ಧವನ್ನು ತಿಂದು, ಉಳಿದರ್ಧವನ್ನು ಓರೆಯಾಗಿ ಬಿಟ್ಟಿತ್ತು. ಅವನು ಇಳಿದು ಕೂತು ನೋಡಿದ. ಎರಡು ಬದಿಯ ಗಾಲಿಗಳ ನಡುವಿನ ಅಗಲವನ್ನು ಗೇಣಿನಲ್ಲಿ ಅಳೆದ, ದಾರಿಯ ಅಗಲವನ್ನು ಅಳೆದ. ಅಂಚಿನ ಮಣ್ಣನ್ನು ಕಾಲಿನಿಂದ ಒತ್ತಿದ, ಉದುರಿತು. ಅವಳಾಗಿದ್ದರೆ ದಾಟುತ್ತಿದ್ದಳೋ ಏನೋ. ತನ್ನ ಕೈಯಲ್ಲಿ ಆಗುವ ಕೆಲಸ ಇದಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಅದನ್ನು ಮಗಳಿಗೆ ಹೇಳಿದಾಗ ಯಾವ ಸಂಕಟವೂ ಆಗಲಿಲ್ಲ. ಮಗಳು ಪಕ್ಕದಲ್ಲಿ ನಡೆಯುತ್ತ ಕೈ ತೋರಿಸಿದಳು, ಅವನು ಇನ್ನೂರು ಗಜ ಹಿಂದಕ್ಕೆ ನಡೆಸಿ, ಬಂಡೆಗಳ ನಡುವಿನ ಒಂದು ಸಮತಟ್ಟಿನಲ್ಲಿ ನಿಲ್ಲಿಸಿದ.

ಬಿಸಿಲು ಇಳಿಯುವ ಹೊತ್ತು. ಸ್ಟೌ ಹಚ್ಚಿ ಮೊಟ್ಟೆ ಬೇಯಿಸಿ ಬ್ರೆಡ್ಡಿನ ಜೊತೆ ತಿಂದರು. ಮಗಳು ತಟ್ಟೆ ತೊಳೆಯದೆ ಕೈಯಲ್ಲೇ ಹಿಡಿದು ಕೂತಿದ್ದಳು.

"ಅಪ್ಪಾ, ಒಂದು ಮಾತು ಹೇಳಿಲ್ಲ ನಿನಗೆ. ಬೀಳೋ ಹಿಂದಿನ ವಾರ ಅಮ್ಮ ಫೋನ್ ಮಾಡಿದ್ದಳು. ನಾಲ್ಕು ದಿನದಿಂದ ತಲೆನೋವು, ಹೋಗ್ತಾನೇ ಇಲ್ಲ ಅಂದಳು. ನಾನು ಡ್ಯೂಟಿಯಲ್ಲಿದ್ದೆ. ಮಾತ್ರೆ ತಗೊಂಡು ಮಲಕ್ಕೋ ಅಂದೆ. ಬಿ.ಪಿ. ನೋಡಿಸು ಅಂತ ಕೂಡ ಅನ್ನಲಿಲ್ಲ. ಬೇರೆ ಯಾರಾದ್ರೂ ಹೇಳಿದ್ದಿದ್ರೆ ಅಂತಿದ್ದೆ."

ಅದು ಎಷ್ಟೋ ಸಲ ಒಳಗೊಳಗೇ ಹೇಳಿಕೊಂಡು ಸವೆದ ಮಾತಿನಂತಿತ್ತು. ವಾಚಣ್ಣನಿಗೆ ಅರ್ಥವಾಯಿತು, ಆ ಒಂದು ತಿಂಗಳು ಇವಳು ಮನೆಯಲ್ಲಿ ಕೂರದೆ ನಿಲ್ಲದೆ ಸೀರೆ ಮಡಚಿದ್ದು, ಕಪಾಟು ಒರೆಸಿದ್ದು ಯಾಕೆಂದು.

"ನನಗೂ ಹೇಳಿದ್ದಳು" ಎಂದ. "ಗ್ಯಾರೇಜಿನ ಹೊಗೆ ಕುಡಿದು ಬರ್ತೀಯ, ತಲೆ ನೋಯದೆ ಇನ್ನೇನು ಅಂದೆ. ಅಂದು ಸುಮ್ಮನೆ ಪೇಪರ್ ಓದ್ತಾ ಕೂತೆ."

ಹೇಳಿದ್ದರೂ ಅವಳು ಆಸ್ಪತ್ರೆಗೆ ಹೋಗುತ್ತಿರಲಿಲ್ಲ ಬಿಡು ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅದು ನಿಜವೋ ಸುಳ್ಳೋ ಅವನಿಗೆ ಗೊತ್ತಿರಲಿಲ್ಲ, ಆದ್ದರಿಂದ ಹೇಳಲಿಲ್ಲ. ಮಗಳ ಕೈಯಿಂದ ತಟ್ಟೆ ತೆಗೆದುಕೊಂಡು ತಾನೇ ತೊಳೆದ. ಅವಳು ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತಳು. ಅವನು ಪಕ್ಕದಲ್ಲಿ ಬಂದು ಕೂತ. ಅವಳ ಬೆನ್ನ ಮೇಲೆ ಕೈಯಿಟ್ಟು, ಕತ್ತಲಾಗುವವರೆಗೂ ಹಾಗೇ ಕೂತಿದ್ದ. ಆಮೇಲೆ ಇಬ್ಬರೂ ಹಲಗೆಯ ಮೇಲೆ ಮಲಗಿದರು.

ಬೆಳಗಿನ ಜಾವ ಚಳಿಗೆ ಎಚ್ಚರವಾಯಿತು. ಇಬ್ಬರೂ ಕಂಬಳಿ ಹೊದ್ದು, ಕೊಚ್ಚಿಹೋದ ಜಾಗವನ್ನು ಕಾಲ್ನಡಿಗೆಯಲ್ಲಿ ದಾಟಿ ಗುಡ್ಡದ ತಲೆಗೆ ಹತ್ತಿದರು. ಬೆಳಕು ಬಂತು. ಕೆಳಗೆ ಹೊಲ, ಕೆರೆ, ದಾರಿಗಳು ಒಂದೊಂದಾಗಿ ಕಾಣಿಸಿಕೊಂಡವು. ಇಲ್ಲಿಗೆ ಬಂದರೆ ಏನೋ ಅನ್ನಿಸುತ್ತದೆ, ಅವಳು ಹತ್ತಿರ ಬಂದಂತಾಗುತ್ತದೆ ಎಂದು ಇಷ್ಟು ತಿಂಗಳು ಅಂದುಕೊಂಡಿದ್ದ. ಅಂಥದ್ದೇನೂ ಆಗಲಿಲ್ಲ. ಅವಳು ಇಲ್ಲಿಯೂ ಇರಲಿಲ್ಲ. ಅವಳು ನೋಡಬೇಕೆಂದು ಆಸೆಪಟ್ಟದ್ದು ಇದನ್ನೇ ಎಂಬುದಷ್ಟೇ ಗೊತ್ತಾಯಿತು, ಆಸೆಪಟ್ಟದ್ದರಲ್ಲಿ ತಪ್ಪೇನೂ ಇಲ್ಲ ಎನ್ನಿಸಿತು. ಚೆನ್ನಾಗಿದೆ ಅಲ್ವಾ ಎಂದಳು ಮಗಳು. ಚೆನ್ನಾಗಿದೆ ಎಂದ ಅವನು. ಸೊಂಟ ಹಿಡಿದುಕೊಂಡಿತ್ತು. ಬಿಸಿಲು ಏರುವವರೆಗೂ ನಿಂತಿದ್ದು ಇಳಿದರು.

ವಾಪಸು ಹೊರಟಾಗ ಎಂಟು ಗಂಟೆ. ಇಳಿಜಾರಿನಲ್ಲಿ ಬ್ರೇಕ್ ಒತ್ತದೆ, ಚಿಕ್ಕ ಗೇರಿನ ಹಿಡಿತದಲ್ಲೇ ಗಾಡಿಯನ್ನು ಬಿಡಬೇಕೆಂದು ಮೇಸ್ತ್ರಿ ಹೇಳಿದ್ದ. ಅವನು ಹಾಗೇ ಬಿಟ್ಟ. ಜೀಪು ಕಲ್ಲಿನಿಂದ ಕಲ್ಲಿಗೆ ಮೆಲ್ಲಗೆ ಇಳಿಯುತ್ತ ಹೋಯಿತು. ಮಗಳು ಏನೋ ಹೇಳುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದಳು. ಅವನು ಒಂದು ತಿರುವು ದಾಟಿಸಿ ಪಕ್ಕಕ್ಕೆ ನೋಡಿದ. ಅವಳ ತಲೆ ಕಿಟಕಿಗೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಹಿಡಿಕೆ ಬಿಟ್ಟ ಕೈ ಮಡಿಲಲ್ಲಿ ಬಿದ್ದಿತ್ತು. ಗಾಢ ನಿದ್ದೆ. ಅವನು ವೇಗ ಇನ್ನಷ್ಟು ತಗ್ಗಿಸಿ, ದೊಡ್ಡ ಕಲ್ಲುಗಳನ್ನು ಸುತ್ತುಹಾಕಿ, ಡಾಂಬರು ರಸ್ತೆಯ ಕಡೆ ಇಳಿಸತೊಡಗಿದ.